ಮೊಳದ ಲೆಕ್ಕ

ಕಣ್ಣು ಮುಚ್ಚು, ಅಂದೆ. ಮುಚ್ಚಿದಳು,
ಅರೆರೆಪ್ಪೆಯೊಳಗಿಂದ ಇಣುಕುತ್ತಲೇ.
ಅಂಗೈಗೆ ಒಂದು ರೂಪಾಯಿ ಇಟ್ಟೆ, ಆಮೇಲೆ ಎರಡು.
ಈಗಿನ ನಾಣ್ಯಗಳೋ, ಒಂದೇ ಬಸಿರಿನ ಅವಳಿಗಳು.
ಬೆರಳಿಗೇ ಗೊತ್ತಾಗಬೇಕು; ಕತ್ತಲಾದ ಮೇಲೆ
ಚಿಕ್ಕಬಳ್ಳಾಪುರದ ಈ ಬಿ.ಬಿ. ರಸ್ತೆಯ ದೀಪ
ನಂಬೋ ಹಾಗಿಲ್ಲ.

ಹಂಸಿಕಾಗೆ ಏಳು ತುಂಬಿದೆ. ಎರಡನೇ ಕ್ಲಾಸು.
ಸ್ಕೂಲಲ್ಲಿ ಐದರವರೆಗೆ ಮಗ್ಗಿ;
ಇಲ್ಲಿ, ಸೇವಂತಿಗೆ ಬುಟ್ಟಿಯ ಪಕ್ಕ, ಗೋಣಿತಾಟಿನ ಮೇಲೆ
ಮೂವತ್ತರ ಮಗ್ಗಿ:
ಒಂದು ಮೊಳ ಮೂವತ್ತು, ಎರಡು ಮೊಳ ಅರವತ್ತು,
ಮೂರು ತಗೊಂಡರೆ ಎಂಬತ್ತೈದು.
"ತೊಂಬತ್ತಲ್ವಾ ಅಮ್ಮ?"
ತೊಂಬತ್ತೇ ಕಣೆ. ಐದು ಬಿಡೋದು, ಅವರು ನಾಳೆಯೂ ಬರಲಿ ಅಂತ.
"ನಾಳೆ ಬರದಿದ್ರೆ?"

ಯುಗಾದಿ ಆದಮೇಲೆ ಒಂದು ಪೆಟ್ಟಿಗೆ ತಂದಿಟ್ಟೆವು.
ಯಾರಾದರೂ ಫೋನು ಹಿಡಿದರೆ ಸಾಕು,
ಮೂವತ್ತು ರೂಪಾಯಿ ಬಂದಿದೆ ಎಂದು ಕೂಗುತ್ತದೆ,
ಬಸ್‌ಸ್ಟ್ಯಾಂಡಿನ ಮೈಕಿನ ದನಿಯಲ್ಲಿ.
ಹಣ ಅಂದರೆ ಹೆಣವೂ ಬಾಯಿ ಬಿಡುತ್ತೆ ಅಂತಿದ್ದಳು ನಮ್ಮಜ್ಜಿ;
ಪ್ಲಾಸ್ಟಿಕ್ಕು ಬಾಯಿ ಬಿಡೋದನ್ನ ಅವಳು ನೋಡಲಿಲ್ಲ.
ಹಂಸಿಕಾ ಅದನ್ನು ಅಲ್ಲಾಡಿಸಿ, ಕಿವಿಗಿಟ್ಟು,
"ಒಳಗೆ ಏನೂ ಇಲ್ಲಮ್ಮ, ಸುಳ್ಳು ಹೇಳ್ತದೆ" ಅಂದಳು.

ಅದಕ್ಕೇ ಒಂದು ಭಾನುವಾರ ಎಟಿಎಮ್ಮಿಗೆ ಕರಕೊಂಡು ಹೋದೆ.
ಐನೂರರ ನೋಟು ಒಂದು ನಾಲಿಗೆ ಚಾಚಿತು.
ಅವಳು ಮೂಸಿ ನೋಡಿದಳು. ಮಲ್ಲಿಗೆ ವಾಸನೆ ಇಲ್ಲ.
"ಇದು ನಮ್ದಲ್ಲ, ಬೇರೆ ಯಾರದೋ ದುಡ್ಡು."
ನೋಟು ಮುರಿಸಿ ಅಲ್ಲೇ ಮೆಟ್ಟಿಲ ಮೇಲೆ ಪಾಲು ಹಾಕಿದೆ:
ಮುನ್ನೂರ ಎಂಬತ್ತು ಮಾರ್ಕೆಟ್ಟಿನ ಪಿಳ್ಳಪ್ಪಣ್ಣನಿಗೆ, ಬೆಳಗಿನ ಹೂವಿಂದು.
ದಾರ, ಬಾಳೆಎಲೆ ಇಪ್ಪತ್ತು. ಆಟೋ ಪ್ಯಾರೇಜಾನ್‌ಗೆ ಮೂವತ್ತು.
ಉಳಿದಿದ್ದು ಎಪ್ಪತ್ತು.
"ಅಷ್ಟು ಹೊತ್ತು ಕೂತಿದ್ದಕ್ಕೆ?"
ಹೂಂ. ಅದರ ಹೆಸರು ಲಾಭ.
"ಹೆಸರೂ ಚಿಕ್ಕದೇ," ಅಂದಳು.

ಮೊನ್ನೆ ಸಂಜೆ ನೀರು ತರಲು ಹೋದೆ, ಅವಳನ್ನೇ ಕೂರಿಸಿ.
ಬರೋ ಹೊತ್ತಿಗೆ ಕನಕಾಂಬರ ನಾಲ್ಕು ಮೊಳ ಮಾರಿದ್ದಳು.
ನೂರಿಪ್ಪತ್ತು, ಪೈಸೆ ತಪ್ಪಿಲ್ಲ;
ಅದರಲ್ಲೊಂದು, ಯಾವ ಅಂಗಡಿಯೂ ಮುಟ್ಟದ ಹತ್ತರ ನಾಣ್ಯ.
ನನ್ನ ಎದೆ ಉಬ್ಬುವಷ್ಟರಲ್ಲಿ
ಕೋರ್ಟಿನ ಟೈಪಿಸ್ಟ್ ವಿಶಾಲಾಕ್ಷಮ್ಮ ವಾಪಸು ಬಂದರು.
"ಏನಮ್ಮಾ, ಇದು ಮೊಳವಾ, ಗೇಣಾ?"

ಹಂಸಿಕಾ ಕೈ ಚಾಚಿದಳು.
ಮೊಣಕೈಯಿಂದ ನಡುಬೆರಳ ತುದಿಗೆ ಹೂವು ಸರಿಯಾಗಿ ಕೂತಿತು,
ಒಂದು ಎಸಳು ಹೆಚ್ಚಿಲ್ಲ, ಕಮ್ಮಿಯಿಲ್ಲ.
"ನನ್ ಮೊಳ ಇಷ್ಟೇ ಆಂಟಿ."
ಅವರು ನಕ್ಕುಬಿಟ್ಟರು. ನಾನು ಒಂದು ತುಂಡು ಸೇರಿಸಿ ಕಟ್ಟಿಕೊಟ್ಟೆ.

ಆಮೇಲೆ ಶುರುವಾಯಿತು ನನ್ನ ಪಾಠ.
ನೋಡು, ಕೊಳ್ಳೋರು ಹೂವು ನೋಡಲ್ಲ, ಕೈ ನೋಡ್ತಾರೆ;
ಆ ಕೈ ಮೇಲಿನ ನಂಬಿಕೆಯೇ ನಮ್ಮ ಬಂಡವಾಳ,
ಅದು ಹೋದರೆ ಬೋಣಿಯೂ ಆಗಲ್ಲ...
ಅವಳು ದಾರ ಸುತ್ತುತ್ತ, ತಲೆ ಎತ್ತದೆ,
"ಹಬ್ಬದ ದಿನ ನಿನ್ ಕೈಯೂ ಚಿಕ್ಕದಾಗುತ್ತಲ್ಲ ಅಮ್ಮ,
ಹೀಗೆ..."
ಮಣಿಕಟ್ಟನ್ನು ಒಳಗೆ ಮಡಿಸಿ ತೋರಿಸಿದಳು.
ಥೇಟು ನನ್ನದೇ ಮಡಿಕೆ.
ಹದಿನಾಲ್ಕು ವರ್ಷ ಯಾವ ಗಿರಾಕಿಯ ಕಣ್ಣಿಗೂ ಬೀಳದ್ದು.

ನಂದಿಬೆಟ್ಟದ ಕಡೆ ಬೆಳಕು ಇಳಿದಿತ್ತು.
ಎದುರು ಬೇಕರಿಯಿಂದ ಬಿಸಿ ಬನ್ನಿನ ವಾಸನೆ.
ಹೂವಿಗೆ ನೀರು ಚಿಮುಕಿಸಿದೆ. ಬೇಕಿರಲಿಲ್ಲ.

ಇವತ್ತು ಸ್ಕೂಲಿಂದ ಸೀಮೆಸುಣ್ಣದ ಚೂರು ತಂದಿದ್ದಾಳೆ.
ಹಲಗೆಯ ಮೇಲೆ ನನ್ನ ಕೈ ಮಲಗಿಸಿ,
ಬೆರಳು ಒಂದೊಂದನ್ನೇ ಒತ್ತಿ ನೆಟ್ಟಗೆ ಮಾಡಿ,
ಆ ತುದಿಗೊಂದು ಈ ತುದಿಗೊಂದು ಗೀಟು ಎಳೆದಳು.
"ಇಲ್ಲಿಂದ ಇಲ್ಲಿಗೆ. ನಾನು ಕೂತ್ರೂ ಇಷ್ಟೇ, ನೀನು ಕೂತ್ರೂ ಇಷ್ಟೇ."

ವರಮಹಾಲಕ್ಷ್ಮಿ ಹಬ್ಬಕ್ಕೆ ಇನ್ನು ಒಂಬತ್ತು ದಿನ.
ಕನಕಾಂಬರ ಆಗ ಮೊಳಕ್ಕೆ ನೂರರ ಮೇಲೆ.
ಬುಟ್ಟಿ ಕೈಯಲ್ಲಿ ಹಿಡಿದು ನಿಂತಿದ್ದೇನೆ,
ಎಲ್ಲಿಡಲಿ, ಗೀಟಿನ ಈಚೆಗೋ,
ಗೀಟಿನ ಮೇಲೋ.